ಟಿ. ಚೌಡಯ್ಯ

ತಿರುಮಕೂಡಲು ಚೌಡಯ್ಯ (ಜನವರಿ 1, 1895 – ಜನವರಿ 19, 1967) ಕರ್ನಾಟಕ ಸಂಗೀತದ ಪ್ರಸಿದ್ಧ ಪಿಟೀಲು ವಿದ್ವಾಂಸರು, ವಾಗ್ಗೇಯಕಾರರು. ಪಿಟೀಲು ಚೌಡಯ್ಯ ಎಂದೇ ನಾಡಿನಲ್ಲಿ ಹೆಸರಾದ ಇವರು ನಾಲ್ಕು ತಂತಿಗಳ ವಾದ್ಯಕ್ಕೆ ಮತ್ತೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಕಛೇರಿಗೆ ತಂದರು. ವೀಣೆಗೆ ಹೆಸರಾಗಿದ್ದ ಮೈಸೂರಿಗೆ ಪಿಟೀಲಿನಲ್ಲಿಯೂ ದಕ್ಷಿಣ ಭಾರತದಾದ್ಯಂತ ಮನ್ನಣೆ ತಂದುಕೊಟ್ಟವರಲ್ಲಿ ಇವರು ಅಗ್ರಗಣ್ಯರು.

ಜನನ ಮತ್ತು ಬಾಲ್ಯ

ಚೌಡಯ್ಯನವರು ಹುಟ್ಟಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ಬಳಿಯ ತಿರುಮಕೂಡಲಿನಲ್ಲಿ. ಕಾವೇರಿಯೂ ಕಪಿಲೆಯೂ ಕೂಡುವ ಈ ಸ್ಥಳದಲ್ಲಿ ಅಗಸ್ತ್ಯೇಶ್ವರನ ಪ್ರಾಚೀನ ದೇವಾಲಯವಿದೆ. ಇವರ ತಂದೆಯ ಹೆಸರು ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಮುಂದೆ ಇವರು ತಮ್ಮ ರಚನೆಗಳಿಗೆ ತ್ರಿಮಕುಟ ಎಂಬ ಅಂಕಿತವನ್ನು ಆರಿಸಿಕೊಂಡಾಗ ಹುಟ್ಟಿದೂರಿನ ನೆನಪನ್ನೇ ಉಳಿಸಿಕೊಂಡರು. ಬಾಲ್ಯದಲ್ಲಿಯೇ ಸಂಗೀತದತ್ತ ಒಲಿದ ಹುಡುಗನಿಗೆ ಮೊದಲ ಪಾಠಗಳು ಊರಿನ ಪರಿಸರದಲ್ಲಿಯೇ ಆದವು.

ಗುರುಕುಲ

1910ರಲ್ಲಿ ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು (1866–1931) ಹಾಡುಗಾರರು. ಅವರ ಮೂಲ ಕರಾವಳಿಯ ನಂದಳಿಕೆ, ಮನೆಮಾತು ಕೊಂಕಣಿ. ಕಛೇರಿಯ ವೇದಿಕೆಯಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಸ್ಥಾನ ದೊರಕಿಸಿಕೊಟ್ಟ ಕೀರ್ತಿಯೂ ಅವರದು. ಹಾಡುಗಾರರ ಬಳಿ ಪಿಟೀಲು ಕಲಿಯುವುದು ಇಂದಿನವರಿಗೆ ವಿಚಿತ್ರವೆನಿಸಬಹುದು. ಆದರೆ ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ಆದರ್ಶ ಗಾಯನವೇ. ಸಾಹಿತ್ಯದ ಪದಗಳು ಎಲ್ಲಿ ಒಡೆಯುತ್ತವೆ, ಉಸಿರು ಎಲ್ಲಿ ನಿಲ್ಲುತ್ತದೆ, ಒಂದು ಸಂಗತಿ ಇನ್ನೊಂದಕ್ಕೆ ಹೇಗೆ ದಾರಿ ಬಿಡುತ್ತದೆ ಎಂಬುದನ್ನು ಬಲ್ಲವನು ಮಾತ್ರ ಹಾಡುಗಾರನ ಹಿಂದೆ ನೆರಳಿನಂತೆ ನಡೆಯಬಲ್ಲ.

ಗುರುಗಳ ಶಿಸ್ತು ಕಠಿಣವಾದದ್ದು. ಸುಮಾರು ಎಂಟು ವರ್ಷಗಳ ಗುರುಕುಲವಾಸದಲ್ಲಿ ಚೌಡಯ್ಯನವರು ದಿನದ ಬಹುಭಾಗವನ್ನು ಸಾಧಕಕ್ಕೇ ಮೀಸಲಿಟ್ಟರು. ನಂತರದ ದಿನಗಳಲ್ಲಿ ರಸಿಕರು ಕೊಂಡಾಡಿದ ಅವರ ದೀರ್ಘವಾದ, ತುಂಬುನಾದದ ಕಮಾನು ಈ ಸಾಧಕದ ಫಲ. ಗುರುವಿನ ಕಛೇರಿಗಳಲ್ಲಿಯೇ ಪಕ್ಕವಾದ್ಯ ನುಡಿಸುತ್ತ ಅವರು ವೇದಿಕೆಗೆ ಪಳಗಿದರು. ಮೈಸೂರಿನಲ್ಲಿ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರವು ಊರಿನ ಸಂಗೀತ ಕೇಂದ್ರವಾಗಿ ಬೆಳೆಯಿತು. ಗುರುಗಳು ತೀರಿಕೊಂಡ ಮೇಲೂ ಚೌಡಯ್ಯನವರಿಗೆ ಅದರೊಂದಿಗಿದ್ದ ನಂಟು ಕಡಿಯಲಿಲ್ಲ.

ಏಳು ತಂತಿಯ ಪಿಟೀಲು

ಚೌಡಯ್ಯನವರ ಹೆಸರು ಉಳಿದಿರುವುದು ಮುಖ್ಯವಾಗಿ ಈ ಪ್ರಯೋಗದಿಂದ. ಇದರ ಹಿನ್ನೆಲೆಯನ್ನು ತಿಳಿಯಲು ಆ ಕಾಲದ ಕಛೇರಿಯನ್ನು ಕಲ್ಪಿಸಿಕೊಳ್ಳಬೇಕು. 1920ರ ದಶಕದಲ್ಲಿ ಧ್ವನಿವರ್ಧಕಗಳು ಇನ್ನೂ ಸಾಮಾನ್ಯವಾಗಿರಲಿಲ್ಲ. ಹಿಂದೆ ಅರಮನೆಯ ತೊಟ್ಟಿಯಲ್ಲಿ ಅಥವಾ ಶ್ರೀಮಂತರ ಹಜಾರದಲ್ಲಿ ಐವತ್ತು ಜನರಿಗೆ ನಡೆಯುತ್ತಿದ್ದ ಸಂಗೀತ ಈಗ ಸಭೆಗಳಿಗೆ, ಉತ್ಸವದ ಚಪ್ಪರಗಳಿಗೆ ಬಂದಿತ್ತು. ಬೆಂಗಳೂರಿನಿಂದ ಶಿವಮೊಗ್ಗದವರೆಗೆ ಮೈಸೂರು ಸೀಮೆಯ ಊರೂರಿನಲ್ಲಿ ರಾಮನವಮಿಯ ದಿನಗಳಲ್ಲಿ ಕಛೇರಿ ಕೇಳಲು ಜನ ನೆರೆಯುತ್ತಿದ್ದರು. ಮುಂದಿನ ಸಾಲಿನವರಿಗೆ ಎಲ್ಲವೂ ಕೇಳುತ್ತಿತ್ತು. ಕೊನೆಯ ಸಾಲಿನವರಿಗೆ ಹಾಡುಗಾರರ ಗಂಟಲು, ಮೃದಂಗದ ಗುಮುಕಿ ಕೇಳಿದರೂ ಪಿಟೀಲು ಮಾತ್ರ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಬೀಳುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರದು ಗಂಭೀರವಾದ ಶಾರೀರ. ಅದರ ಮುಂದೆ ನಾಲ್ಕು ತಂತಿಯ ವಾದ್ಯ ಸೊರಗುತ್ತಿತ್ತು.

ಕರ್ನಾಟಕ ಪದ್ಧತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಷಡ್ಜ-ಪಂಚಮ, ಷಡ್ಜ-ಪಂಚಮ ಎಂದು ಹಾಡುಗಾರನ ಶ್ರುತಿಗೆ ಕೂಡಿಸುತ್ತಾರೆ. ಚೌಡಯ್ಯನವರು ಇವುಗಳಿಗೆ ಜೊತೆಯಾಗಿ, ಅದೇ ಸ್ವರವನ್ನು ಬೇರೊಂದು ಸ್ಥಾಯಿಯಲ್ಲಿ ನುಡಿಯುವ ಮೂರು ತಂತಿಗಳನ್ನು ಸೇರಿಸಿದರು. ಕಮಾನು ಒಮ್ಮೆ ಎಳೆದಾಗ ಜೋಡಿ ತಂತಿಗಳೆರಡೂ ಒಟ್ಟಿಗೆ ನುಡಿದು ನಾದ ಇಮ್ಮಡಿಯಾದಂತೆ ಕೇಳುತ್ತಿತ್ತು. 1927ರಲ್ಲಿ ಈ ವಾದ್ಯ ಸಿದ್ಧವಾಯಿತು. ಇದು ಹೇಳುವಷ್ಟು ಸುಲಭದ ಕೆಲಸವಲ್ಲ. ತಂತಿ ಹೆಚ್ಚಿದರೆ ಕುದುರೆಯ ಮೇಲಿನ ಭಾರ ಹೆಚ್ಚುತ್ತದೆ, ಬಿರಡೆಗಳಿಗೆ ಜಾಗ ಹುಡುಕಬೇಕಾಗುತ್ತದೆ. ಬೆರಳು ಎರಡೆರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು, ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಶ್ರುತಿ ಸೇರಿರಬೇಕು. ಇಲ್ಲವಾದರೆ ಒಂದರ ತಪ್ಪು ಎರಡಾಗಿ ಕೇಳುತ್ತದೆ.

ಗುರುಗಳು ಮೊದಲಿಗೆ ಈ ಬದಲಾವಣೆಯನ್ನು ಮೆಚ್ಚಲಿಲ್ಲವೆಂದೂ, ವಾದ್ಯದ ನಾದವನ್ನು ಕೇಳಿದ ಬಳಿಕ ಒಪ್ಪಿಗೆಯಿತ್ತರೆಂದೂ ಸಂಗೀತ ವಲಯದಲ್ಲಿ ಹೇಳಿಕೊಂಡು ಬಂದಿದ್ದಾರೆ. ಎಲ್ಲರೂ ಒಪ್ಪಿದರೆಂದಲ್ಲ. ಸೂಕ್ಷ್ಮವಾದ ಗಮಕಗಳಿಗೂ ದ್ರುತಗತಿಯ ಸ್ವರಗಳಿಗೂ ಜೋಡಿ ತಂತಿ ತೊಡಕಾಗುತ್ತದೆ, ಪಕ್ಕವಾದ್ಯವು ಹಾಡುಗಾರನನ್ನು ಮುಚ್ಚಿಬಿಡಬಾರದು ಎಂಬ ಆಕ್ಷೇಪಗಳು ಸಂಪ್ರದಾಯನಿಷ್ಠರಿಂದ ಬಂದವು. ಈ ಆಕ್ಷೇಪಗಳನ್ನು ಕೇವಲ ಅಸೂಯೆಯೆಂದು ತಳ್ಳಿಹಾಕುವಂತಿಲ್ಲ, ಅವುಗಳಲ್ಲಿ ಹುರುಳಿತ್ತು. ಚೌಡಯ್ಯನವರು ವಾದಕ್ಕಿಳಿಯದೆ ಅದೇ ವಾದ್ಯವನ್ನು ಜೀವನದ ಕೊನೆಯವರೆಗೂ ನುಡಿಸಿ ಉತ್ತರ ಕೊಟ್ಟರು.

ಪಕ್ಕವಾದ್ಯಗಾರರಾಗಿ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಭಾರತದ ರಸಿಕರು ಪಿಟೀಲಿನ ಮಾತು ಬಂದಾಗ ಮೂವರನ್ನು ಒಟ್ಟಿಗೆ ಹೆಸರಿಸುತ್ತಿದ್ದರು: ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಮತ್ತು ಮೈಸೂರು ಚೌಡಯ್ಯ. ಮೂವರಿಗೂ ಪ್ರತ್ಯೇಕ ಅಭಿಮಾನಿಗಳಿದ್ದರು. ಇಂದಿನ ಯುವಕರು ತಮ್ಮ ಮೆಚ್ಚಿನ ಗಾಯಕರ, ವಾದ್ಯವೃಂದಗಳ ಪಕ್ಷ ವಹಿಸಿ ಮಾತನಾಡುವಂತೆಯೇ ಅಂದಿನವರು ಕಛೇರಿ ಮುಗಿಸಿ ಮನೆಗೆ ನಡೆಯುವ ದಾರಿಯುದ್ದಕ್ಕೂ ಇವರ ಕೈಚಳಕವನ್ನು ತೂಗಿನೋಡುತ್ತಿದ್ದರು. ನಾಯ್ಡು ಅವರ ಮೃದುವಾದ ನಾದವನ್ನು ಇಷ್ಟಪಟ್ಟವರಿಗೆ ಚೌಡಯ್ಯನವರ ಏಳು ತಂತಿಯ ಭೋರ್ಗರೆತ ಹೆಚ್ಚೆನಿಸಿರಬಹುದು. ತುಂಬಿದ ಸಭೆಯಲ್ಲಿ ಹಿಂದೆ ನಿಂತು ಕೇಳಿದವರಿಗೆ ಅದೇ ವರವಾಯಿತು.

ಪಾಲಕ್ಕಾಡು ಸೀಮೆಯ ಚೆಂಬೈ ವೈದ್ಯನಾಥ ಭಾಗವತರೊಡನೆ ಚೌಡಯ್ಯನವರ ಜೊತೆಗಾರಿಕೆ ವಿಶೇಷವಾದದ್ದು. ಧ್ವನಿವರ್ಧಕದ ಹಂಗಿಲ್ಲದೆ ದೊಡ್ಡ ಸಭೆಯನ್ನು ತುಂಬಬಲ್ಲ ಕಂಠ ಭಾಗವತರದು. ಅದಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲ ಪಿಟೀಲು ಚೌಡಯ್ಯನವರದು. ವೇದಿಕೆಯ ಸಖ್ಯ ಜೀವನದ ಸ್ನೇಹವಾಗಿ ಬೆಳೆಯಿತು. ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರ ವೇಗದ ಗಾಯನಕ್ಕೂ, ಮಾಲಿ ಎಂದು ಹೆಸರಾದ ಟಿ. ಆರ್. ಮಹಾಲಿಂಗಂ ಅವರ ಕೊಳಲಿಗೂ ಇವರು ಪಕ್ಕವಾದ್ಯ ನುಡಿಸಿದರು. ಕೊಳಲಿನಂತಹ ಕೋಮಲ ವಾದ್ಯದ ಜೊತೆಗೆ ಏಳು ತಂತಿಯನ್ನು ಹಿಡಿತದಲ್ಲಿಟ್ಟು ನುಡಿಸಿದ್ದನ್ನು ಗಮನಿಸಿದರೆ, ದೊಡ್ಡ ನಾದವೊಂದೇ ಅವರ ಬಂಡವಾಳವಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಚಲನಚಿತ್ರ

1943ರಲ್ಲಿ ತೆರೆಕಂಡ ವಾಣಿ ಕನ್ನಡ ಚಿತ್ರವನ್ನು ಚೌಡಯ್ಯನವರು ನಿರ್ಮಿಸಿ, ಅದರಲ್ಲಿ ಅಭಿನಯಿಸಿದರು. ರಂಗಭೂಮಿಯ ಕೆ. ಹಿರಣ್ಣಯ್ಯನವರು ಇದರ ನಿರ್ದೇಶಕರು. ಮುಂದೆ ಕನ್ನಡ, ತಮಿಳು ಚಿತ್ರಗಳಲ್ಲಿ ಖ್ಯಾತರಾದ ಪಂಢರಿಬಾಯಿಯವರು ಮೊದಲು ತೆರೆಯ ಮೇಲೆ ಕಾಣಿಸಿಕೊಂಡದ್ದು ಈ ಚಿತ್ರದಲ್ಲಿ. ಚೆಂಬೈ ವೈದ್ಯನಾಥ ಭಾಗವತರ ಗಾಯನವೂ ಇದರಲ್ಲಿದೆ. ಸಂಗೀತಗಾರನಿಗೆ ಚಿತ್ರನಿರ್ಮಾಣದ ವ್ಯವಹಾರ ಒಗ್ಗಲಿಲ್ಲ. ಇದರಿಂದ ಅವರಿಗೆ ಲಾಭವಾಗಲಿಲ್ಲವಾದರೂ, ಆ ಕಾಲದ ಕಛೇರಿಯ ಒಂದು ತುಣುಕು ಚಿತ್ರರೂಪದಲ್ಲಿ ಉಳಿಯಿತು.

ಬೋಧನೆ ಮತ್ತು ರಚನೆಗಳು

ಮೈಸೂರಿನಲ್ಲಿ ಚೌಡಯ್ಯನವರು ಅಯ್ಯನಾರ್ ಹೆಸರಿನ ಸಂಗೀತ ಶಾಲೆಯನ್ನು ಸ್ಥಾಪಿಸಿದರು. ಅವರ ಶಿಷ್ಯರಲ್ಲಿ ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಪ್ರಮುಖರು. ತ್ರಿಮಕುಟ ಅಂಕಿತದಲ್ಲಿ ಅವರು ಕೃತಿಗಳನ್ನೂ ತಿಲ್ಲಾನಗಳನ್ನೂ ರಚಿಸಿದ್ದಾರೆ. ವಾದಕರೆಂಬ ಖ್ಯಾತಿಯ ನೆರಳಿನಲ್ಲಿ ವಾಗ್ಗೇಯಕಾರ ಚೌಡಯ್ಯನವರು ಮರೆಯಾದದ್ದು ಖೇದದ ಸಂಗತಿ. ಇಂದಿನ ಕಛೇರಿಗಳಲ್ಲಿ ಈ ರಚನೆಗಳು ಅಪರೂಪಕ್ಕೆ ಮಾತ್ರ ಕೇಳಿಬರುತ್ತವೆ.

ಗೌರವಗಳು

ಚೌಡಯ್ಯನವರು ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಅವರಿಗೆ ದೊರೆಯಿತು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಮೈಸೂರಿನವರ ಪೈಕಿ ವಾಸುದೇವಾಚಾರ್ಯರಿಗೆ 1935ರಲ್ಲಿ ಸಂದಿದ್ದ ಗೌರವವಿದು. ಪಕ್ಕದಲ್ಲಿ ಕುಳಿತು ನುಡಿಸುವವರಿಗೆ ಇಂತಹ ಮನ್ನಣೆ ಸುಲಭವಾಗಿ ಒದಗುತ್ತಿರದಿದ್ದ ಕಾಲದಲ್ಲಿ ಇದರ ಬೆಲೆ ದೊಡ್ಡದು.

ನಿಧನ ಮತ್ತು ಸ್ಮಾರಕಗಳು

1967ರ ಜನವರಿ 19ರಂದು ಚೌಡಯ್ಯನವರು ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. ಆ ವೇಳೆಗೆ ಧ್ವನಿವರ್ಧಕಗಳು ಎಲ್ಲ ಸಭೆಗಳಿಗೂ ಬಂದಿದ್ದವು. ಯಾವ ಕೊರತೆಯನ್ನು ನೀಗಲು ಏಳು ತಂತಿಯ ವಾದ್ಯ ಹುಟ್ಟಿತೋ ಆ ಕೊರತೆಯೇ ಉಳಿಯಲಿಲ್ಲ. ಅದನ್ನು ನುಡಿಸಲು ಬೇಕಾದ ಶ್ರಮಕ್ಕೆ ಕೈಹಾಕುವವರೂ ವಿರಳರಾದರು. ಇಂದು ಕಛೇರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು ತಂತಿಯ ಪಿಟೀಲೇ.

ಕರ್ನಾಟಕ ಸರ್ಕಾರವು ಇವರ ಹೆಸರಿನಲ್ಲಿ ಸಂಗೀತಗಾರರಿಗೆ ರಾಷ್ಟ್ರೀಯ ಪ್ರಶಸ್ತಿಯನ್ನು ನೀಡುತ್ತದೆ. ಬೆಂಗಳೂರಿನ ಮಲ್ಲೇಶ್ವರದ ಬಳಿ ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ 1980ರಲ್ಲಿ ಚೌಡಯ್ಯ ಸ್ಮಾರಕ ಭವನ ನಿರ್ಮಾಣವಾಯಿತು. ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಈ ಸಭಾಂಗಣದ ಕಟ್ಟಡ ಪಿಟೀಲಿನ ಆಕಾರದಲ್ಲಿದೆ. ಕುದುರೆ, ಬಿರಡೆ, ಕಮಾನುಗಳ ಜೊತೆಗೆ ಏಳು ತಂತಿಗಳನ್ನೂ ಅದರಲ್ಲಿ ಗುರುತಿಸಬಹುದು. ಶಾಸ್ತ್ರೀಯ ಸಂಗೀತ ಕಛೇರಿಗಳಷ್ಟೇ ಅಲ್ಲದೆ ನಾಟಕ, ನೃತ್ಯ, ಸುಗಮ ಸಂಗೀತ, ಪಾಶ್ಚಾತ್ಯ ಸಂಗೀತದ ಕಾರ್ಯಕ್ರಮಗಳೂ ಅಲ್ಲಿ ನಡೆಯುತ್ತಿವೆ.