ಗುಮಾಸ್ತನಾಗಿ ಸೇರಿದ ಹೋಟೆಲ್‌ಗೇ ಯಜಮಾನ

1922ರಲ್ಲಿ ಪಂಜಾಬಿನ ಯುವಕನೊಬ್ಬ ಸರ್ಕಾರಿ ಗುಮಾಸ್ತನ ಪರೀಕ್ಷೆ ಬರೆಯಲು ಸಿಮ್ಲಾಕ್ಕೆ ಬಂದ. ಆಗ ಅದು ಬ್ರಿಟಿಷ್ ಸರ್ಕಾರದ ಬೇಸಿಗೆ ರಾಜಧಾನಿ. ಜೇಬಿನಲ್ಲಿದ್ದದ್ದು ತಾಯಿ ಕೊಟ್ಟ 25 ರೂಪಾಯಿ. ಪರೀಕ್ಷೆಯಲ್ಲಿ ಫೇಲಾದ. ಮೂರು ವರ್ಷದಿಂದ ಎಸ್‌ಡಿಎ, ಎಫ್‌ಡಿಎ ಎಂದು ಅರ್ಜಿ ತುಂಬುತ್ತಲೇ ಇರುವ ನನಗೆ ಮೋಹನ್ ಸಿಂಗ್ ಒಬೆರಾಯ್ ಅವರ ಬದುಕಿನಲ್ಲಿ ಮೊದಲು ಹತ್ತಿರವೆನಿಸಿದ್ದು ಈ ಫೇಲು. ಮುಂದೆ ಹಳೆಯ ಕಟ್ಟಡಗಳನ್ನು ಐಷಾರಾಮಿ ಹೋಟೆಲ್‌ಗಳಾಗಿಸಿದ ದೊಡ್ಡ ಉದ್ಯಮಿಯಾದದ್ದು ಆಮೇಲಿನ ಮಾತು.

ಅವರು ಹುಟ್ಟಿದ್ದು 1898ರ ಆಗಸ್ಟ್ 15ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಭೌನ್ ಎಂಬ ಊರಿನಲ್ಲಿ. ಆರು ತಿಂಗಳ ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಲಾಹೋರಿನಲ್ಲಿ ಕಾಲೇಜು ಸೇರಿದರೂ ಹಣವಿಲ್ಲದೆ ಓದು ಅರ್ಧಕ್ಕೆ ನಿಂತಿತು. ಶಾರ್ಟ್‌ಹ್ಯಾಂಡ್, ಟೈಪಿಂಗ್ ಕಲಿತರು. ಬಂಧುವೊಬ್ಬರ ಶೂ ಕಾರ್ಖಾನೆಯಲ್ಲಿ ಕೆಲ ದಿನ ದುಡಿದರು; ಅದೂ ಮುಚ್ಚಿತು. ಮದುವೆಯಾಗಿತ್ತು, ಕೈಯಲ್ಲಿ ಕೆಲಸವಿರಲಿಲ್ಲ.

ಪರೀಕ್ಷೆ ಕೈಕೊಟ್ಟ ಮೇಲೆ ಅವರು ಊರಿಗೆ ಮರಳದೆ ಸಿಮ್ಲಾದ ದೊಡ್ಡ ಹೋಟೆಲ್ ಸಿಸಿಲ್‌ಗೆ ಹೋಗಿ ಕೆಲಸ ಕೇಳಿದರು. ಸಿಕ್ಕಿದ್ದು ಬಿಲ್ಲಿಂಗ್ ಗುಮಾಸ್ತನ ಕೆಲಸ, ಸಂಬಳ ತಿಂಗಳಿಗೆ 50 ರೂಪಾಯಿ. ಒಮ್ಮೆ ಅಲ್ಲಿ ತಂಗಿದ್ದ ಮೋತಿಲಾಲ್ ನೆಹರೂ ಅವರಿಗೆ ವರದಿಯೊಂದು ತುರ್ತಾಗಿ ಟೈಪ್ ಆಗಬೇಕಿತ್ತು. ಒಬೆರಾಯ್ ರಾತ್ರಿಯೆಲ್ಲ ಕುಳಿತು ಬೆಳಗಾಗುವಷ್ಟರಲ್ಲಿ ಮುಗಿಸಿಕೊಟ್ಟರು. ನೆಹರೂ 100 ರೂಪಾಯಿಯ ನೋಟು ಕೊಟ್ಟರು. ಎರಡು ತಿಂಗಳ ಸಂಬಳ! ಅದರಲ್ಲಿ ಹೆಂಡತಿಗೆ ವಾಚು, ಮಗುವಿಗೆ ಬಟ್ಟೆ, ತಮಗೊಂದು ರೈನ್‌ಕೋಟು ಕೊಂಡರಂತೆ. ಸಿಮ್ಲಾದ ಮಳೆಯಲ್ಲಿ ಅದುವರೆಗೂ ಅವರು ರೈನ್‌ಕೋಟಿಲ್ಲದೆ ಕೆಲಸಕ್ಕೆ ಹೋಗುತ್ತಿದ್ದರು ಎಂಬುದೇ ನನಗೆ ಈ ಕಥೆಯಲ್ಲಿ ಹೆಚ್ಚು ಕಂಡದ್ದು.

ಹೊಸದಾಗಿ ಬಂದ ಮ್ಯಾನೇಜರ್ ಕ್ಲಾರ್ಕ್ ಅವರಿಗೆ ಶಾರ್ಟ್‌ಹ್ಯಾಂಡ್ ಬಲ್ಲವರು ಬೇಕಿತ್ತು. ಹಾಗೆ ಒಬೆರಾಯ್ ಅವರ ಕಣ್ಣಿಗೆ ಬಿದ್ದರು. ಕ್ಲಾರ್ಕ್ ಸ್ವಂತ ಹೋಟೆಲ್ ನಡೆಸಲು ಹೊರಟಾಗ ಒಬೆರಾಯ್ ಅವರನ್ನೂ ಕರೆದೊಯ್ದರು. ಅದು ಸಣ್ಣ ಹೋಟೆಲ್. ಲೆಕ್ಕ ಬರೆಯುವುದು, ಅತಿಥಿಗಳನ್ನು ಬರಮಾಡಿಕೊಳ್ಳುವುದು, ಅಡುಗೆಮನೆಯ ಮೇಲ್ವಿಚಾರಣೆ ಎಲ್ಲವೂ ಒಬ್ಬರ ತಲೆಗೇ. ಪತ್ನಿ ಇಶ್ರಾನ್ ದೇವಿಯೂ ಜೊತೆಗೆ ನಿಂತರು. ಮಾಂಸ, ತರಕಾರಿಯನ್ನು ಇಬ್ಬರೂ ತಾವೇ ಮಾರುಕಟ್ಟೆಗೆ ಹೋಗಿ ತಂದು ಖರ್ಚು ಇಳಿಸಿದರು. 1934ರಲ್ಲಿ ಕ್ಲಾರ್ಕ್ ತಮ್ಮ ಹೋಟೆಲ್ ಮಾರಲು ಮುಂದಾದಾಗ, ಹೆಂಡತಿಯ ಒಡವೆಯನ್ನೂ ಇದ್ದಬದ್ದ ಆಸ್ತಿಯನ್ನೂ ಅಡವಿಟ್ಟು ಒಬೆರಾಯ್ ಅದನ್ನು ಕೊಂಡರು. ಯಶಸ್ಸಿನ ಕಥೆಗಳಲ್ಲಿ ಒಡವೆ ಅಡವಿಟ್ಟ ಸಂಗತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಮನೆಗಳಲ್ಲಿ ಆ ಒಂದು ಸಾಲಿಗೆ ಎಷ್ಟು ರಾತ್ರಿಗಳ ಮಾತುಕತೆ ಬೇಕು ಎಂಬುದು ನಮಗೆ ಗೊತ್ತು.

ನಂತರ ಬಂದದ್ದು ಕಲ್ಕತ್ತಾದ ಗ್ರ್ಯಾಂಡ್ ಹೋಟೆಲ್. ಆರ್ಮೇನಿಯನ್ ವ್ಯಾಪಾರಿ ಅರಾಥೂನ್ ಸ್ಟೀಫನ್ ಚೌರಂಗಿ ರಸ್ತೆಯಲ್ಲಿ ಕಟ್ಟಿಸಿದ್ದ ಭವ್ಯ ಕಟ್ಟಡ, ಸುಮಾರು 500 ಕೋಣೆ. ಸಾಂಕ್ರಾಮಿಕ ರೋಗಕ್ಕೆ ಅತಿಥಿಗಳು ಬಲಿಯಾಗಿ, ಅಲ್ಲಿನ ಚರಂಡಿ ವ್ಯವಸ್ಥೆಯ ಮೇಲೆ ಗುಮಾನಿ ಎದ್ದು, 1937ರಲ್ಲಿ ಬಾಗಿಲು ಮುಚ್ಚಿತ್ತು. ಜನ ಒಳಗೆ ಹೋಗಲೂ ಹೆದರುತ್ತಿದ್ದ ಆ ಹೋಟೆಲನ್ನು ಒಬೆರಾಯ್ 1938ರಲ್ಲಿ ಗುತ್ತಿಗೆಗೆ ಪಡೆದರು. ಅದೃಷ್ಟವೂ ಕೂಡಿಬಂತು ಎಂದು ಒಪ್ಪಲೇಬೇಕು. ಎರಡನೇ ಮಹಾಯುದ್ಧ ಶುರುವಾಯಿತು, ಸುಮಾರು 4,000 ಸೈನಿಕರು ಅಲ್ಲೇ ಬೀಡುಬಿಟ್ಟರು. ಯುದ್ಧ ಬಾರದಿದ್ದರೆ? ಹೇಳುವುದು ಕಷ್ಟ. ಆದರೆ ಯುದ್ಧ ಎಲ್ಲರಿಗೂ ಬಂದಿತ್ತು. ಬೀಗ ಬಿದ್ದ ಹೋಟೆಲ್ ಹಿಡಿಯುವ ಧೈರ್ಯ ಮಾಡಿದ್ದು ಅವರು. ಕೊಳವೆ, ನೀರು, ಅಡುಗೆಮನೆ, ಬಿಲ್ಲು ಇವುಗಳನ್ನೆಲ್ಲ ಕೆಳಗಿನಿಂದ ನೋಡಿದ್ದವರಿಗೆ, ಆ ಕಟ್ಟಡದ ರೋಗ ಯಾವುದು, ಜೀವ ಯಾವುದು ಎಂಬುದು ಬೇರೆಬೇರೆಯಾಗಿ ಕಂಡಿರಬೇಕು ಎಂದು ನನ್ನ ಊಹೆ.

1943ರಲ್ಲಿ ಅವರು ಅಸೋಸಿಯೇಟೆಡ್ ಹೋಟೆಲ್ಸ್ ಆಫ್ ಇಂಡಿಯಾ ಕಂಪನಿಯ ಷೇರುಗಳನ್ನು ಕೊಂಡು ಹಿಡಿತ ಸಾಧಿಸಿದರು. ದೆಹಲಿಯ ಮೇಡನ್ಸ್, ಲಾಹೋರಿನ ಫಲೆಟ್ಟೀಸ್, ರಾವಲ್ಪಿಂಡಿಯ ಫ್ಲ್ಯಾಶ್‌ಮನ್ಸ್, ಪೇಶಾವರದ ಡೀನ್ಸ್ ಅದರ ಜೊತೆಗೆ ಬಂದವು. ತಾವು 50 ರೂಪಾಯಿಗೆ ದುಡಿದಿದ್ದ ಸಿಸಿಲ್ ಕೂಡ ಬಂತು. ನಾಲ್ಕೇ ವರ್ಷದಲ್ಲಿ ದೇಶ ಇಬ್ಭಾಗವಾಯಿತು. ಲಾಹೋರ್, ಪೇಶಾವರದ ಹೋಟೆಲ್‌ಗಳು ಗಡಿಯ ಆಚೆ ಉಳಿದವು, ಹುಟ್ಟಿದ ಊರಿನ ಹಾಗೆಯೇ.

ಮುಂದಿನ ಪಟ್ಟಿ ಉದ್ದವಿದೆ. ಮೈಸೂರಿನ ಲಲಿತ ಮಹಲ್ ಹೋಟೆಲಾದದ್ದು 1974ರಲ್ಲಿ. ಅದಕ್ಕೂ ಬಹಳ ಮೊದಲೇ, 1950ರ ದಶಕದಲ್ಲಿ, ಶ್ರೀನಗರದ ಮಹಾರಾಜರ ಅರಮನೆಯನ್ನು ಅವರು ಹೋಟೆಲಾಗಿಸಿದ್ದರು. 1970ರ ದಶಕದಲ್ಲಿ ಈಜಿಪ್ಟಿನ ಮೀನಾ ಹೌಸ್ ಅವರ ಕೈಗೆ ಬಂತು. ಪಿರಮಿಡ್‌ಗಳ ಪಕ್ಕದಲ್ಲಿ ಅಲ್ಲಿನ ದೊರೆ ಇಸ್ಮಾಯಿಲ್ ಬೇಟೆಗೆಂದು ಕಟ್ಟಿಸಿದ್ದ ಮನೆ ಅದು. 1943ರಲ್ಲಿ ಚರ್ಚಿಲ್, ರೂಸ್‌ವೆಲ್ಟ್ ಸಭೆ ಸೇರಿದ್ದೂ ಅಲ್ಲೇ. 1980ರಲ್ಲಿ ಮೆಲ್ಬರ್ನ್‌ನ ಶತಮಾನ ಹಳೆಯ ವಿಂಡ್ಸರ್ ಹೋಟೆಲ್ ಕೂಡ ಅವರ ಸಂಸ್ಥೆಗೆ ಗುತ್ತಿಗೆಗೆ ಸಿಕ್ಕಿತು.

ಇಂಥ ಹೋಟೆಲ್‌ಗಳಲ್ಲಿ ಒಂದು ರಾತ್ರಿ ತಂಗಲು ನನ್ನಂಥವರ ತಿಂಗಳ ಖರ್ಚಿನ ಹಣವೂ ಸಾಲದು. ಚರಿತ್ರೆಯ ಕಟ್ಟಡ ಉಳಿಯುತ್ತದೆ, ಆದರೆ ಬಾಗಿಲು ಕೆಲವರಿಗಷ್ಟೇ ತೆರೆಯುತ್ತದೆ. ಈ ತಕರಾರು ನನ್ನಲ್ಲಿ ಈಗಲೂ ಇದೆ. ಆದರೆ ಅತಿಥಿಯಾಗಿ ಒಳಹೋಗಲಾರದವರು ಉದ್ಯೋಗಿಯಾಗಿ ಹೋಗಬಹುದಿತ್ತು. 1966ರಲ್ಲಿ ಅವರು ಹೋಟೆಲ್ ನಿರ್ವಹಣೆ ಕಲಿಸುವ ಶಾಲೆಯನ್ನೇ ತೆರೆದರು. ಅವರು ಕೆಲಸಕ್ಕೆ ಸೇರಿದಾಗ ಅಂಥದ್ದೇನೂ ಇರಲಿಲ್ಲ. ಬಿಲ್ ಬರೆಯುತ್ತಲೇ ಕಲಿತವರು.

ಸಿಸಿಲ್ 1984ರಲ್ಲಿ ಮುಚ್ಚಿತು. ವರ್ಷಗಟ್ಟಲೆ ದುರಸ್ತಿಯ ನಂತರ 1997ರಲ್ಲಿ ಮತ್ತೆ ಬಾಗಿಲು ತೆರೆದಾಗ ಒಬೆರಾಯ್ ಅವರಿಗೆ 98 ವರ್ಷ. 2002ರ ಮೇ 3ರಂದು ಅವರು ತೀರಿಕೊಂಡರು. ಸಿಸಿಲ್ ಈಗಲೂ ಅವರ ಸಂಸ್ಥೆಯ ಕೈಯಲ್ಲೇ ನಡೆಯುತ್ತಿದೆ.