ದಾಸ್ಯವನ್ನು ಗೆದ್ದ ಫ್ರೆಡರಿಕ್ ಡಗ್ಲಾಸ್

ತಾನು ಹುಟ್ಟಿದ ದಿನವಾವುದೆಂದು ಅರಿಯದೆಯೇ ಬಾಳಿ, ತನ್ನ ಜನರಿಗೆಲ್ಲ ಹೊಸ ಬಾಳಿನ ಬಾಗಿಲನ್ನು ತೆರೆಯಿಸಿದವರಲ್ಲಿ ಅಗ್ರಗಣ್ಯನಾದ ಪುರುಷನೊಬ್ಬನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ. ಆತನೇ ಅಮೆರಿಕದ ಫ್ರೆಡರಿಕ್ ಡಗ್ಲಾಸ್. 1861ರಿಂದ 1865ರವರೆಗೆ ಆ ದೇಶದ ಉತ್ತರ ದಕ್ಷಿಣ ಭಾಗಗಳ ನಡುವೆ ನಡೆದ ಘೋರವಾದ ಅಂತರ್ಯುದ್ಧದೊಡನೆ ಅಬ್ರಹಾಂ ಲಿಂಕನ್ನನ ಹೆಸರು ಬೆರೆತಿರುವುದು ಸರ್ವವಿದಿತ. ಆದರೆ ಯಾರ ದಾಸ್ಯವು ಆ ಯುದ್ಧಕ್ಕೆ ಮೂಲವಾಯಿತೋ ಆ ಜನರೇ ಅದರಲ್ಲಿ ಏನು ಮಾಡಿದರೆಂಬುದನ್ನು ತಿಳಿಯಬೇಕಾದರೆ ಡಗ್ಲಾಸನ ಜೀವನವನ್ನು ನೋಡಬೇಕು.

1818ರ ಫೆಬ್ರವರಿಯಲ್ಲಿ ಮೇರಿಲೆಂಡ್ ಸಂಸ್ಥಾನದ ಟಾಲ್ಬಟ್ ಪ್ರಾಂತದಲ್ಲಿ ಆತನು ಜನಿಸಿದನೆಂದು ಒಡೆಯನ ಲೆಕ್ಕದ ಪುಸ್ತಕದಿಂದ ತಿಳಿದುಬರುತ್ತದೆ. ಆಳುಕಾಳು, ದನಕರುಗಳೆಲ್ಲ ಒಂದೇ ಬಗೆಯ ಸ್ವತ್ತೆಂದು ಎಣಿಸಲ್ಪಡುತ್ತಿದ್ದ ಕಾಲವದು. ತಾಯಿ ಹ್ಯಾರಿಯೆಟ್ ಬೇಯ್ಲಿ ಹನ್ನೆರಡು ಮೈಲಿ ದೂರದ ಹೊಲದಲ್ಲಿ ದುಡಿಯುತ್ತಿದ್ದಳು. ಹಗಲೆಲ್ಲ ದುಡಿದು, ಇರುಳು ನಡೆದು ಬಂದು, ಮಗನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಬೆಳಗಾಗುವುದರೊಳಗೆ ಆಕೆ ಹಿಂದಿರುಗಬೇಕಾಗಿದ್ದಿತು. ಇಂತಹ ಭೇಟಿಗಳು ನಡೆದುದು ಕೆಲವೇ ಬಾರಿ. ಬಾಲಕನಿಗೆ ಏಳು ವರ್ಷ ತುಂಬುವ ಹೊತ್ತಿಗೆ ಆಕೆ ತೀರಿಕೊಂಡಳು. ಅಜ್ಜಿಯ ಆಶ್ರಯದಲ್ಲಿ ಬೆಳೆದ ಆತನನ್ನು 1826ರಲ್ಲಿ ಬಾಲ್ಟಿಮೋರ್ ನಗರದ ಹ್ಯೂ ಆಲ್ಡ್ ಎಂಬವನ ಮನೆಗೆ ಊಳಿಗಕ್ಕಾಗಿ ಕಳುಹಿಸಿದರು.

ಆ ಮನೆಯ ಒಡತಿ ಸೋಫಿಯಾ ಮೊದಲಲ್ಲಿ ದಯಾವತಿಯಾಗಿದ್ದಳು. ಹುಡುಗನಿಗೆ ಅಕ್ಷರಗಳನ್ನು ಕಲಿಸತೊಡಗಿದಳು. ಇದನ್ನು ಕಂಡ ಗಂಡನು, ಅಕ್ಷರ ಬಲ್ಲ ಗುಲಾಮನು ಗುಲಾಮನಾಗಿ ಉಳಿಯಲಾರನೆಂದು ಹೇಳಿ ಪಾಠವನ್ನು ನಿಲ್ಲಿಸಿದನು. ಒಡೆಯನು ಯಾವುದಕ್ಕೆ ಅಂಜುವನೋ ಅದರಲ್ಲಿಯೇ ತನ್ನ ಬಿಡುಗಡೆಯ ದಾರಿಯಿದೆಯೆಂದು ಆ ಬಾಲಕನಿಗೆ ಆಗಲೇ ಹೊಳೆಯಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿಯನ್ನು ಕೊಟ್ಟು, ಅವರಿಂದ ಒಂದೊಂದು ಪದವನ್ನೇ ಕಲಿತುಕೊಂಡನು. ಹನ್ನೆರಡರ ಪ್ರಾಯದಲ್ಲಿ, ತಾನು ಕೂಡಿಟ್ಟ ಅರ್ಧ ಡಾಲರಿನಿಂದ ಭಾಷಣಗಳ ಸಂಗ್ರಹವೊಂದನ್ನು ಕೊಂಡು ಓದಿದನು. ಓದು ಮೊದಲು ಆತನಿಗೆ ಸುಖವನ್ನು ಕೊಡಲಿಲ್ಲ. ತನ್ನ ಸ್ಥಿತಿಯ ಹೀನತೆಯನ್ನು ತೋರಿಸಿಕೊಟ್ಟು ಸಂಕಟವನ್ನೇ ಹೆಚ್ಚಿಸಿತು. ಆದರೆ ಆ ಸಂಕಟವೇ ಮುಂದಿನ ಸಾಹಸಕ್ಕೆ ಬೀಜವಾಯಿತು.

1834ರಲ್ಲಿ ಆತನನ್ನು ಎಡ್ವರ್ಡ್ ಕೋವಿ ಎಂಬ ರೈತನ ವಶಕ್ಕೆ ಒಂದು ವರ್ಷದ ಮಟ್ಟಿಗೆ ಕೊಡಲಾಯಿತು. ಮಣಿಯದ ಗುಲಾಮರನ್ನು ಚಾಟಿಯಿಂದ ಮಣಿಸುವುದರಲ್ಲಿ ಕೋವಿಗೆ ದೊಡ್ಡ ಹೆಸರು. ತಿಂಗಳುಗಟ್ಟಲೆ ಪೆಟ್ಟು ತಿಂದ ತರುಣನು ಒಂದು ದಿನ ಎದುರು ನಿಂತು, ಬಹಳ ಹೊತ್ತು ಹೋರಾಡಿ, ಸೋಲದೆ ಉಳಿದನು. ಅಂದಿನಿಂದ ಕೋವಿ ಆತನ ಮೇಲೆ ಕೈಯೆತ್ತಲಿಲ್ಲ. ಒಮ್ಮೆ ಓಡಿಹೋಗುವ ಯತ್ನವು ವಿಫಲವಾಗಿ ಸೆರೆಮನೆಯನ್ನೂ ಕಂಡದ್ದಾಯಿತು. ಕಡೆಗೆ 1838ರ ಸೆಪ್ಟೆಂಬರ್ 3ರಂದು, ಸ್ವತಂತ್ರನಾದ ಕಪ್ಪು ನಾವಿಕನೊಬ್ಬನ ಗುರುತಿನ ಪತ್ರವನ್ನು ಎರವಲು ಪಡೆದು, ನಾವಿಕನ ಉಡುಪನ್ನು ತೊಟ್ಟು ರೈಲುಗಾಡಿಯನ್ನೇರಿದನು. ಒಂದು ದಿನ ಕಳೆಯುವುದರೊಳಗೆ ನ್ಯೂಯಾರ್ಕನ್ನು ಸೇರಿದನು. ಈ ಸಾಹಸಕ್ಕೆ ನೆರವಾದ ಆನಾ ಮರೆ ಎಂಬ ಸ್ವತಂತ್ರ ಸ್ತ್ರೀಯನ್ನು ಕೆಲವೇ ದಿನಗಳಲ್ಲಿ ಮದುವೆಯಾಗಿ, ನ್ಯೂ ಬೆಡ್‌ಫರ್ಡ್ ಎಂಬ ಬಂದರಿನಲ್ಲಿ ಡಗ್ಲಾಸ್ ಎಂಬ ಹೊಸ ಹೆಸರಿನಿಂದ ಸಂಸಾರ ಹೂಡಿದನು.

1841ರಲ್ಲಿ ದಾಸ್ಯವಿರೋಧಿಗಳ ಸಭೆಯೊಂದರಲ್ಲಿ ಆತನು ತನ್ನ ಬಾಳಿನ ಕಥೆಯನ್ನು ಹೇಳಿದನು. ಸಭಿಕರು ಬೆರಗಾದರು. ಅಂದಿನಿಂದ ಊರೂರು ತಿರುಗಿ ಉಪನ್ಯಾಸ ಮಾಡುವುದೇ ಆತನ ವೃತ್ತಿಯಾಯಿತು. ಇಷ್ಟು ಚೆನ್ನಾಗಿ ಮಾತನಾಡುವವನು ಗುಲಾಮನಾಗಿದ್ದಿರಲಾರನೆಂದು ಕೆಲವರು ಸಂಶಯಪಡಲು, 1845ರಲ್ಲಿ ಆತ್ಮಚರಿತ್ರೆಯನ್ನು ಬರೆದು, ಒಡೆಯರ ಹೆಸರು, ಊರುಗಳ ಸಹಿತ ಪ್ರಕಟಿಸಿದನು. ಅದರಿಂದ ಮರಳಿ ಹಿಡಿಯಲ್ಪಡುವ ಭಯವುಂಟಾಗಿ ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಬೇಕಾಯಿತು. ಅಲ್ಲಿಯ ಮಿತ್ರರು 1846ರಲ್ಲಿ ಹಣ ಕೂಡಿಸಿ, 150 ಪೌಂಡು ತೆತ್ತು ಒಡೆಯನಿಂದ ಬಿಡುಗಡೆಯ ಪತ್ರವನ್ನು ಕೊಡಿಸಿದರು. ಸ್ವದೇಶಕ್ಕೆ ಹಿಂದಿರುಗಿ 1847ರ ಡಿಸೆಂಬರಿನಲ್ಲಿ ರಾಚೆಸ್ಟರ್ ನಗರದಿಂದ ಪತ್ರಿಕೆಯೊಂದನ್ನು ಹೊರಡಿಸಿದನು. ಓಡಿಬರುವ ಗುಲಾಮರಿಗೆ ಇರುಳಿನಲ್ಲಿ ದಿಕ್ಕು ತೋರುತ್ತಿದ್ದ ಧ್ರುವನಕ್ಷತ್ರದ ಹೆಸರನ್ನೇ ಅದಕ್ಕಿಟ್ಟನು. ಆತನ ಮನೆಯು ಕೆನಡಾಕ್ಕೆ ಹೋಗುವ ಅಂತಹವರಿಗೆ ತಂಗುದಾಣವಾಗಿದ್ದಿತು.

ಇನ್ನು ಯುದ್ಧದ ಕಾರಣವನ್ನು ವಿಚಾರಿಸೋಣ. 1793ರಲ್ಲಿ ಹತ್ತಿಯ ಬೀಜವನ್ನು ಬೇರ್ಪಡಿಸುವ ಯಂತ್ರವು ಹುಟ್ಟಿದ ಮೇಲೆ ದಕ್ಷಿಣದಲ್ಲಿ ಹತ್ತಿಯ ಬೇಸಾಯವು ಬೆಳೆಯಿತು. ಅದರೊಡನೆ ಗುಲಾಮರ ಬೆಲೆಯೂ ಸಂಖ್ಯೆಯೂ ಬೆಳೆದವು. 1860ರ ಜನಗಣತಿಯಲ್ಲಿ ಗುಲಾಮರು ಸುಮಾರು 39 ಲಕ್ಷದ 50 ಸಾವಿರ. ದೇಶದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೇ. ಪಶ್ಚಿಮದಲ್ಲಿ ಹೊಸದಾಗಿ ನೆಲೆಗೊಳ್ಳುತ್ತಿದ್ದ ಪ್ರದೇಶಗಳಲ್ಲಿ ದಾಸ್ಯವಿರಬೇಕೆ, ಇರಬಾರದೆ ಎಂಬುದೇ ವಿವಾದದ ಮೂಲವಾಯಿತು. 1850ರ ಶಾಸನವು ಉತ್ತರಕ್ಕೆ ಓಡಿಹೋದವರನ್ನೂ ಹಿಡಿದೊಪ್ಪಿಸಬೇಕೆಂದು ವಿಧಿಸಿತು. 1854ರ ಶಾಸನವು ಕ್ಯಾನ್ಸಸ್, ನೆಬ್ರಾಸ್ಕಾ ಪ್ರದೇಶಗಳಲ್ಲಿ ದಾಸ್ಯದ ನಿರ್ಣಯವನ್ನು ಅಲ್ಲಿಯ ನಿವಾಸಿಗಳಿಗೇ ಬಿಟ್ಟುದರಿಂದ ಕ್ಯಾನ್ಸಸಿನಲ್ಲಿ ರಕ್ತಪಾತವಾಯಿತು. 1857ರಲ್ಲಿ ಅತ್ಯುಚ್ಚ ನ್ಯಾಯಾಲಯವು, ಕಪ್ಪು ಜನರು ಪೌರರಾಗಲಾರರೆಂದೂ, ಆ ಪ್ರದೇಶಗಳಲ್ಲಿ ದಾಸ್ಯವನ್ನು ತಡೆಯುವ ಅಧಿಕಾರ ರಾಷ್ಟ್ರದ ಶಾಸನಸಭೆಗಿಲ್ಲವೆಂದೂ ತೀರ್ಪಿತ್ತಿತು. 1859ರಲ್ಲಿ ಜಾನ್ ಬ್ರೌನ್ ಎಂಬವನು ಹಾರ್ಪರ್ಸ್ ಫೆರಿಯ ಆಯುಧಶಾಲೆಯನ್ನು ಮುತ್ತಿ ಗಲ್ಲಿಗೇರಿದನು. ಡಗ್ಲಾಸನು ಅವನ ಸ್ನೇಹಿತನಾಗಿದ್ದರೂ, ಅದು ಬಲೆಯೊಳಗೆ ನುಗ್ಗಿದಂತಾಗುವುದೆಂದು ಎಚ್ಚರಿಸಿ, ಅದರಲ್ಲಿ ಸೇರಿರಲಿಲ್ಲ. ಆದರೂ ಬಂಧನದ ಭಯದಿಂದ ಕೆಲವು ತಿಂಗಳು ದೇಶ ಬಿಡಬೇಕಾಯಿತು.

1860ರ ನವೆಂಬರಿನಲ್ಲಿ, ದಾಸ್ಯದ ವಿಸ್ತರಣೆಯನ್ನು ವಿರೋಧಿಸುತ್ತಿದ್ದ ಲಿಂಕನ್ನನು ಅಧ್ಯಕ್ಷನಾಗಿ ಚುನಾಯಿತನಾದನು. ಆ ಡಿಸೆಂಬರಿನಲ್ಲಿ ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರಬಿದ್ದಿತು. ಒಂದೊಂದಾಗಿ ಹನ್ನೊಂದು ಸಂಸ್ಥಾನಗಳು ಬೇರೆಯಾದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಲು ಯುದ್ಧವಾರಂಭವಾಯಿತು.

ಮೊದಲಲ್ಲಿ ಉತ್ತರದ ಸರ್ಕಾರವು ಒಕ್ಕೂಟವನ್ನು ಉಳಿಸುವುದೊಂದೇ ತನ್ನ ಗುರಿಯೆಂದು ಸಾರಿತು. ದಾಸ್ಯವಿದ್ದೂ ಒಕ್ಕೂಟದಲ್ಲಿಯೇ ಉಳಿದಿದ್ದ ಮೇರಿಲೆಂಡ್, ಕೆಂಟಕಿ ಮೊದಲಾದ ಸಂಸ್ಥಾನಗಳು ಕೈಬಿಟ್ಟಾವೆಂಬ ಅಂಜಿಕೆ ಅದಕ್ಕಿದ್ದಿತು. ಆದರೆ ಗುಲಾಮರು ಅಪ್ಪಣೆಗಾಗಿ ಕಾಯಲಿಲ್ಲ. ಹೊಲಗಳನ್ನು ಬಿಟ್ಟು ಸಾವಿರಾರು ಸಂಖ್ಯೆಯಲ್ಲಿ ಉತ್ತರದ ಸೇನೆಯ ಪಾಳೆಯಗಳಿಗೆ ನಡೆದುಬಂದರು. ದಾಸ್ಯವನ್ನು ಮುಟ್ಟದೆ ಈ ಯುದ್ಧವನ್ನು ಗೆಲ್ಲಲಾಗದು, ಕಪ್ಪು ಜನರ ಕೈಗೆ ಆಯುಧ ಕೊಡಬೇಕು ಎಂದು ಡಗ್ಲಾಸನು ತನ್ನ ಪತ್ರಿಕೆಯಲ್ಲಿ ಎಡೆಬಿಡದೆ ವಾದಿಸಿದನು. 1862ರ ಸೆಪ್ಟೆಂಬರಿನ ಆಂಟೀಟಮ್ ಕಾಳಗದ ತರುವಾಯ ಲಿಂಕನ್ನನು ಮುನ್ನೆಚ್ಚರಿಕೆ ಕೊಟ್ಟು, 1863ರ ಜನವರಿ 1ರಂದು ವಿಮೋಚನೆಯ ಘೋಷಣೆಯನ್ನು ಹೊರಡಿಸಿದನು. ಬಾಸ್ಟನ್ನಿನ ಸಭಾಮಂದಿರದಲ್ಲಿ ತಂತಿ ಸಮಾಚಾರಕ್ಕಾಗಿ ಅಪರಾತ್ರಿಯವರೆಗೂ ಕಾದಿದ್ದವರಲ್ಲಿ ಡಗ್ಲಾಸನೂ ಒಬ್ಬನು. ಆ ಘೋಷಣೆಯು ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿದ್ದರೂ, ಅದರಿಂದ ಯುದ್ಧದ ಸ್ವರೂಪವೇ ಬದಲಾಯಿತು.

ಡಗ್ಲಾಸನು ಊರೂರಿಗೆ ಹೋಗಿ ಸೈನಿಕರನ್ನು ಕೂಡಿಸಿದನು. ಅನ್ಯರ ಮಕ್ಕಳನ್ನು ಕರೆಯುವ ಮುನ್ನ ತನ್ನ ಮಕ್ಕಳಾದ ಚಾರ್ಲ್ಸ್, ಲೂಯಿಸ್ ಇಬ್ಬರನ್ನೂ ಮ್ಯಾಸಚೂಸೆಟ್ಸಿನ 54ನೆಯ ದಳಕ್ಕೆ ಸೇರಿಸಿದನು. 1863ರ ಜುಲೈ 18ರಂದು ಆ ದಳವು ವ್ಯಾಗ್ನರ್ ಕೋಟೆಯ ಮೇಲೆ ನುಗ್ಗಿ, ಅಪಾರ ಪ್ರಾಣಹಾನಿಗೊಳಗಾಯಿತು. ಆ ದಾಳಿಯಲ್ಲಿದ್ದ ಲೂಯಿಸ್ ಬದುಕಿ ಬಂದನು. ಇಷ್ಟಾದರೂ ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಂಬಳವಾದರೆ, ಕಪ್ಪು ಸೈನಿಕನಿಗೆ 10 ಡಾಲರ್. ಅದರಲ್ಲಿ 3 ಡಾಲರ್ ಬಟ್ಟೆಗೆಂದು ಕಡಿತ. ಆ ಆಗಸ್ಟಿನಲ್ಲಿ ಡಗ್ಲಾಸನು ನೇರವಾಗಿ ಲಿಂಕನ್ನನನ್ನು ಕಂಡು ಈ ಅನ್ಯಾಯವನ್ನೂ, ಸೆರೆಸಿಕ್ಕ ಕಪ್ಪು ಸೈನಿಕರಿಗೆ ದಕ್ಷಿಣದವರು ಮಾಡುತ್ತಿದ್ದ ಕ್ರೌರ್ಯವನ್ನೂ ನಿವೇದಿಸಿದನು. 1864ರಲ್ಲಿ ಶಾಸನಸಭೆಯು ಸಮಾನ ವೇತನವನ್ನು ವಿಧಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ಸೇನೆಯಲ್ಲಿ ಸೇವೆ ಸಲ್ಲಿಸಿದ ಕಪ್ಪು ಸೈನಿಕರು ಸುಮಾರು 1 ಲಕ್ಷದ 80 ಸಾವಿರ.

1863ರ ಜುಲೈಯಲ್ಲಿ ಗೆಟಿಸ್‌ಬರ್ಗ್, ವಿಕ್ಸ್‌ಬರ್ಗ್‌ಗಳಲ್ಲಿ ಉತ್ತರದವರಿಗೆ ಜಯವಾಗಿದ್ದಿತು. 1864ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾ ನಗರವು ಬಿದ್ದಿತು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಲೀ ಶರಣಾದನು. ಆರು ದಿನಗಳಲ್ಲಿ ಲಿಂಕನ್ನನು ಕೊಲೆಗಾರನ ಗುಂಡಿಗೆ ಬಲಿಯಾದನು. ಆರು ಲಕ್ಷಕ್ಕೂ ಮಿಕ್ಕಿ ಸೈನಿಕರು ಮಡಿದಿದ್ದರು. ಆ ಯುದ್ಧದ ಬಿಸಿ ಸಾಗರವನ್ನು ದಾಟಿ ನಮ್ಮ ನಾಡನ್ನೂ ತಟ್ಟಿದ್ದಿತು. ದಕ್ಷಿಣದ ಬಂದರುಗಳು ಮುಚ್ಚಿ ಲ್ಯಾಂಕಾಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬಾರದಾದಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಹಳವಾಗಿ ಏರಿ, ಯುದ್ಧ ಮುಗಿಯುತ್ತಲೇ ಕುಸಿಯಿತು.

ಯುದ್ಧದ ಫಲವಾಗಿ 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ದಾಸ್ಯವನ್ನು ದೇಶದಿಂದಲೇ ತೊಡೆದುಹಾಕಿತು. 1868ರ 14ನೆಯದು ಪೌರತ್ವವನ್ನು ಕೊಟ್ಟಿತು. 1870ರ 15ನೆಯದು ವರ್ಣದ ಕಾರಣದಿಂದ ಮತಾಧಿಕಾರವನ್ನು ನಿರಾಕರಿಸಬಾರದೆಂದು ವಿಧಿಸಿತು. ಆದರೆ ಭೂಮಿಯಿಲ್ಲದ ವಿಮುಕ್ತರು ಹಳೆಯ ಒಡೆಯರ ಹೊಲಗಳನ್ನೇ ಪಾಲಿಗೆ ಮಾಡಿ ಸಾಲದಲ್ಲಿ ಸಿಕ್ಕಿಕೊಂಡರು. ಮುಸುಕು ಹಾಕಿದ ಗುಂಪುಗಳು ಅವರನ್ನು ಬೆದರಿಸಿ ಕೊಂದವು. 1877ರಲ್ಲಿ ಅವರ ರಕ್ಷಣೆಗಿದ್ದ ರಾಷ್ಟ್ರದ ಸೇನೆಯೂ ಹಿಂದೆಗೆಯಿತು. ಉತ್ತರದವರಿಗೆ ವೈರವು ಬೇಸರವಾಗಿದ್ದಿತು. ಎರಡು ಕಡೆಯ ವೀರರನ್ನೂ ಸಮನಾಗಿ ಹೊಗಳಿ, ಯುದ್ಧಕ್ಕೆ ಕಾರಣವೇನೆಂಬುದನ್ನು ಮರೆಯುವುದೇ ಶಾಂತಿಯೆಂದು ಬಗೆದರು. ಡಗ್ಲಾಸನು ಇದನ್ನು ಒಪ್ಪಲಿಲ್ಲ. 1871ರಲ್ಲಿ ಆರ್ಲಿಂಗ್ಟನ್ನಿನ ಯೋಧರ ಸಮಾಧಿಗಳ ಬಳಿ ಮಾತನಾಡುತ್ತ, ಒಕ್ಕೂಟವನ್ನು ಉಳಿಸಲು ಮಡಿದವರಿಗೂ ದಾಸ್ಯವನ್ನು ಉಳಿಸಲು ಕಾದಿದವರಿಗೂ ಇರುವ ಭೇದವನ್ನು ಮರೆಯಲಾಗದೆಂದು ಸ್ಪಷ್ಟವಾಗಿ ನುಡಿದನು.

ಹಾಗೆಂದು ಆತನಲ್ಲಿ ವ್ಯಕ್ತಿದ್ವೇಷವಿತ್ತೆಂದು ತಿಳಿಯಬಾರದು. 1877ರಲ್ಲಿ, ಹಿಂದೆ ತನ್ನ ಒಡೆಯನಾಗಿದ್ದ ಥಾಮಸ್ ಆಲ್ಡನು ಮರಣಶಯ್ಯೆಯಲ್ಲಿದ್ದಾಗ, ಡಗ್ಲಾಸನು ಅವನ ಮನೆಗೆ ಹೋಗಿ ಕಂಡನು. ಮುದುಕನು ಕಣ್ಣೀರಿಟ್ಟನು. ಇಬ್ಬರೂ ಕೈಹಿಡಿದು ಮಾತನಾಡಿದರು. ತಾನು ಹುಟ್ಟಿದ ಕಾಲವನ್ನು ಡಗ್ಲಾಸನು ಅವನನ್ನೇ ಕೇಳಿ ತಿಳಿದನು. ಮನುಷ್ಯನನ್ನು ಕ್ಷಮಿಸಬಹುದು, ಅವನು ನಡೆಸಿದ ಅನ್ಯಾಯವನ್ನು ನ್ಯಾಯವೆನ್ನಲಾಗದು ಎಂಬ ವಿವೇಕವು ಆತನ ನಡತೆಯಲ್ಲಿಯೇ ಕಾಣುತ್ತದೆ.

ಮುಂದೆ ಆತನು ಹೈಟಿ ದೇಶಕ್ಕೆ ಅಮೆರಿಕದ ಪ್ರತಿನಿಧಿಯಾದನು. ಸ್ತ್ರೀಯರ ಮತಾಧಿಕಾರಕ್ಕಾಗಿಯೂ ದುಡಿದನು. ಆದರೆ ಮುಪ್ಪಿನಲ್ಲಿ ಆತನು ಕಂಡುದು ಹಿಮ್ಮೆಟ್ಟುವ ಕಾಲವನ್ನು. 1890ರಲ್ಲಿ ಮಿಸಿಸಿಪಿಯು ಓದಿನ ಪರೀಕ್ಷೆಯನ್ನೂ ತಲೆಗಂದಾಯವನ್ನೂ ಮತದಾನಕ್ಕೆ ಅಡ್ಡವಾಗಿಟ್ಟಿತು. ಇತರ ಸಂಸ್ಥಾನಗಳು ಅದನ್ನನುಸರಿಸಿದವು. ಅಕ್ಷರ ಕಲಿತರೆ ದಂಡಿಸುತ್ತಿದ್ದ ನಾಡಿನಲ್ಲಿಯೇ ಅಕ್ಷರವಿಲ್ಲವೆಂಬುದು ಹಕ್ಕನ್ನು ಕಸಿಯುವ ನೆಪವಾಯಿತು. ಗುಂಪುಗೂಡಿ ಕಪ್ಪು ಜನರನ್ನು ಕೊಲ್ಲುವ ಪಾತಕವನ್ನು ಖಂಡಿಸುತ್ತಲೇ, 1895ರ ಫೆಬ್ರವರಿ 20ರಂದು, ಮಹಿಳೆಯರ ಸಭೆಯೊಂದರಿಂದ ಮರಳಿದ ಸಂಜೆ, ವಾಷಿಂಗ್ಟನ್ನಿನ ತನ್ನ ಮನೆಯಲ್ಲಿ ಆತನು ದೇಹವನ್ನು ಬಿಟ್ಟನು. ಯುದ್ಧವು ಬರೆದಿಟ್ಟ ಹಕ್ಕುಗಳು ಶಾಸನದ ಬಲವನ್ನು ಮರಳಿ ಪಡೆಯಲು 1964, 1965ರ ಕಾಯಿದೆಗಳವರೆಗೆ ಮತ್ತೆ ಹೋರಾಡಬೇಕಾಯಿತು.

ನಾಲ್ಕು ವರ್ಷದ ಯುದ್ಧವು ಸಂಕೋಲೆಯನ್ನು ಕಡಿಯಿತು. ಆದರೆ ಸಂಕೋಲೆ ತೊಡಿಸಿದ ಮನಸ್ಸು ಒಂದು ಶಾಸನದಿಂದ ಅಳಿಯುವಂತಹುದಲ್ಲ. ಪಡೆದ ಬಿಡುಗಡೆಯನ್ನು ದಿನದಿನವೂ ಕಾಯ್ದುಕೊಳ್ಳಬೇಕೆಂಬುದನ್ನು, ರೊಟ್ಟಿ ಕೊಟ್ಟು ಅಕ್ಷರ ಪಡೆದ ಆ ಬಾಲಕನು ಬಾಳಿನ ಕೊನೆಯವರೆಗೂ ಮರೆಯಲಿಲ್ಲ.