ಗ್ರಿಂಜಾನೆಯ ಮೇಯರ್

ನರಗುಂದದ ಗುಡ್ಡದ ನೆರಳಿನಲ್ಲಿ ಬೆಳೆದ ನನ್ನಂಥವರಿಗೆ 1858 ಎಂದರೆ ಒಂದೇ ನೆನಪು: ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬರನ್ನು ಆ ವರ್ಷದ ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು. ಮರುತಿಂಗಳೇ ಫ್ರಾನ್ಸಿನ ಪ್ಲೊಂಬಿಯೇರ್ ಎಂಬಲ್ಲಿ ಪೀಡ್ಮಾಂಟ್ ಸಂಸ್ಥಾನದ ಪ್ರಧಾನಿ ಕವೂರ್, ಚಕ್ರವರ್ತಿ ಮೂರನೆಯ ನೆಪೋಲಿಯನ್‌ನೊಡನೆ ಗುಟ್ಟಾಗಿ ಕುಳಿತು ಆಸ್ಟ್ರಿಯದ ವಿರುದ್ಧ ಯುದ್ಧಕ್ಕೆ ಒಪ್ಪಂದ ಕುದುರಿಸಿದ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಮ್ಯಾಜಿನಿ, ಗ್ಯಾರಿಬಾಲ್ಡಿಯರ ನಡುವೆ ಬರುವ ಆ ಹೆಸರನ್ನು ಓದುಗರು ಮರೆತಿರಲಾರರು. ನನಗೆ ಆತನಲ್ಲಿ ಕುತೂಹಲ ಹುಟ್ಟಿಸಿದ್ದು ಮಾತ್ರ ರಾಜಕಾರಣವಲ್ಲ, ಬೇಸಾಯ.

1810ರಲ್ಲಿ ಟ್ಯೂರಿನ್ ನಗರದ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಕವೂರ್, ಸೇನೆಯ ಎಂಜಿನಿಯರ್ ಹುದ್ದೆಯನ್ನು 1831ರಲ್ಲಿ ತೊರೆದ. ಉದಾರವಾದದ ಗೀಳು ಹಿಡಿದ ಈ ಕಿರಿಯ ಮಗ ಮನೆಯವರಿಗೆ ಚಿಂತೆಯೇ ಆಗಿದ್ದಿರಬೇಕು. ಮರುವರ್ಷ, ಮನೆತನದ ಜಮೀನಿದ್ದ ಲಾಂಗೆ ಬೆಟ್ಟಸಾಲಿನ ಗ್ರಿಂಜಾನೆ ಎಂಬ ಸಣ್ಣ ಊರಿಗೆ ಮೇಯರ್ ಆದ. 1849ರವರೆಗೆ ಆ ಹೊಣೆ ಹೊತ್ತ.

ಸುಣ್ಣ ಬೆರೆತ ಜೇಡಿಮಣ್ಣಿನ ಆ ಬೆಟ್ಟಗಳಲ್ಲಿ ಬೆಳೆಯುವ ನೆಬ್ಬಿಯೋಲೊ ಹಠಮಾರಿ ದ್ರಾಕ್ಷಿ. ಅಕ್ಟೋಬರಿನ ಮಂಜು ಕವಿಯುವವರೆಗೂ ಮಾಗುವುದಿಲ್ಲ. ಅಷ್ಟರಲ್ಲಿ ಚಳಿ ಬಂದು ರಸ ಹುದುಗುವುದು ಅರ್ಧಕ್ಕೇ ನಿಂತು, ವೈನು ಸಿಹಿಯಾಗಿ ಉಳಿದು ಬೇಗ ಕೆಡುತ್ತಿತ್ತು. ಕವೂರ್ 1836ರ ಸುಮಾರಿಗೆ ಸ್ಟಾಲ್ಯೇನೊ ಎಂಬ ತಜ್ಞನನ್ನು ನೇಮಿಸಿಕೊಂಡ. ಮುಚ್ಚಿದ ತೊಟ್ಟಿಗಳಲ್ಲಿ, ಸಕ್ಕರೆಯ ಅಂಶ ತೀರುವವರೆಗೆ ಹುದುಗಿಸುವ ಕ್ರಮ ಬಂತು. ನೆರೆಯ ಊರಿನ ಹೆಸರು ಹೊತ್ತ ಬರೋಲೊ ವೈನು ಸಿಹಿ ತೊರೆದು ಇಂದಿನ ರೂಪಕ್ಕೆ ಬಂದದ್ದು ಹೀಗೆ. ಬಹುಕಾಲ ಈ ಕೀರ್ತಿ ಊದಾರ್ ಎಂಬ ಫ್ರೆಂಚ್ ವ್ಯಾಪಾರಿಗೆ ಸಲ್ಲುತ್ತಿತ್ತು. ಈಚಿನ ಸಂಶೋಧಕರ ಒಲವು ಸ್ಟಾಲ್ಯೇನೊ ಕಡೆಗಿದೆ. ಮದ್ಯದ ಹೆಸರನ್ನೇ ಎತ್ತದ ಮನೆಯಲ್ಲಿ ಬೆಳೆದ ನಾನು ಅದನ್ನು ಒಮ್ಮೆ ಮಾತ್ರ ರುಚಿ ನೋಡಿದ್ದೇನೆ. ಬಣ್ಣ ತೆಳು, ಗುಲಾಬಿಯೊಡನೆ ಡಾಂಬರಿನ ಪರಿಮಳ. ಒಗರು ಮಾತ್ರ ಬಲಿಯದ ಬಾಳೆಕಾಯಿಯದು. ಅದು ಮೃದುವಾಗಲು ವರ್ಷಗಳೇ ಬೇಕಂತೆ.

ಮುಂದಿನದು ಪಠ್ಯಪುಸ್ತಕದ ಕಥೆ. 1850ರಲ್ಲಿ ಕೃಷಿ ಮತ್ತು ವಾಣಿಜ್ಯ ಸಚಿವ, 1852ರಲ್ಲಿ ಪ್ರಧಾನಿ. 1861ರ ಮಾರ್ಚ್‌ನಲ್ಲಿ ಇಟಲಿ ರಾಜ್ಯ ಘೋಷಣೆಯಾಯಿತು. ಜೂನ್ 6ರಂದು, ಐವತ್ತರ ವಯಸ್ಸಿನಲ್ಲಿ, ಕವೂರ್ ತೀರಿಕೊಂಡ. ಆತ ಕಟ್ಟಿದ ರಾಜಪ್ರಭುತ್ವವನ್ನು ಇಟಲಿಯ ಜನ 1946ರಲ್ಲಿ ಕೈಬಿಟ್ಟರು. ವೈನು ಉಳಿಯಿತು.

1980ರಲ್ಲಿ ಅಲ್ಲಿನ ಸರ್ಕಾರ ಬರೋಲೊಗೆ ಮೂಲಸ್ಥಳ ಖಾತ್ರಿಯ ಅತ್ಯುನ್ನತ ದರ್ಜೆ ಕೊಟ್ಟಿತು. ನಿಗದಿತ 11 ಊರುಗಳ ನೆಬ್ಬಿಯೋಲೊದಿಂದ ತಯಾರಿಸಿ, 38 ತಿಂಗಳಾದರೂ ಮಾಗಿಸಿದ್ದಕ್ಕೆ ಮಾತ್ರ ಇಂದು ಆ ಹೆಸರು. ಗ್ರಿಂಜಾನೆಯೂ ಅವುಗಳಲ್ಲೊಂದು; ಈಗ ಅದರ ಹೆಸರು ಗ್ರಿಂಜಾನೆ ಕವೂರ್.

ಅದೇ 1980ರ ಜುಲೈ 21ರಂದು ನರಗುಂದದಲ್ಲಿ, ಮಲಪ್ರಭಾ ಕಾಲುವೆ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ನರಗುಂದದಿಂದ ರೋಣ ದಾಟಿ ಗಜೇಂದ್ರಗಡದ ಗುಡ್ಡದ ಕಡೆಗೆ ಹಬ್ಬಿದ ಎರೆಹೊಲಗಳ ಕಡಲೆ, ಹೆಸರುಕಾಳು, ಈರುಳ್ಳಿ ಇಂದಿಗೂ ಬಹುಪಾಲು ಊರಿನ ಗುರುತಿಲ್ಲದ ಚೀಲಗಳಲ್ಲಿಯೇ ಮಾರುಕಟ್ಟೆಗೆ ಹೋಗುತ್ತವೆ. ಅವುಗಳ ರುಚಿ ಯಾವ ಮಣ್ಣಿನದೆಂದು ಕೊಳ್ಳುವವರು ಕೇಳಿದ್ದನ್ನು ನಾನಂತೂ ಕಂಡಿಲ್ಲ.